ಕೊಳೆಮದ್ದಿನ ಪಾಠ

ಮೂರು ತಲೆಮಾರು ಒಂದೇ ಸೂರಿನಡಿ ಬಾಳಿದರೆ ಹಿರಿಯರ ಅನುಭವ ತಾನಾಗಿ ಕಿರಿಯರಿಗೆ ದಾಟುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಟ್ಟಿಗೆ ಉಂಡರೆ ಸಾಲದು. ಒಟ್ಟಿಗೆ ದುಡಿಯಬೇಕು, ಒಟ್ಟಿಗೆ ತೀರ್ಮಾನವನ್ನೂ ಮಾಡಬೇಕು.

ಉತ್ತರ ಕನ್ನಡದ ಮನ್ಮನೆಯಿಂದ ಹಿಡಿದು ಶಿರಸಿ, ಯಲ್ಲಾಪುರದ ತನಕ ಅಡಿಕೆ ತೋಟವುಳ್ಳ ಯಾವ ಮನೆಯನ್ನಾದರೂ ಮಳೆಗಾಲದ ಹೊಸ್ತಿಲಲ್ಲಿ ನೋಡಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆಮದ್ದು ತಯಾರಾಗುತ್ತಿರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಇಷ್ಟು ಪುಸ್ತಕದಲ್ಲೂ ಸಿಗುತ್ತದೆ. ಆದರೆ ಮಳೆ ಎಷ್ಟು ಹೊಳವಾದರೆ ಮದ್ದು ಹೊಡೆಯಬಹುದು, ನಮ್ಮ ತೋಟದ ಯಾವ ತಗ್ಗಿನಲ್ಲಿ ಕೊಳೆ ಮೊದಲು ಕಾಣುತ್ತದೆ ಎಂಬುದು ಅಜ್ಜನ ಜೊತೆ ತೋಟದಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಹಾಗೆಂದು ಈ ಮದ್ದು ತಲತಲಾಂತರದಿಂದ ಬಂದದ್ದೂ ಅಲ್ಲ. ಹಿಂದಿನವರು ಕರಡದ ಹುಲ್ಲಿನಿಂದ ಕೊಟ್ಟೆ ಎಂಬ ಹೊದಿಕೆ ಮಾಡಿ ಅಡಿಕೆ ಕೊನೆಗಳಿಗೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ನಾವು ಕೊಳೆಮದ್ದು ಎನ್ನುವ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಮಲೆನಾಡಿನ ಅಡಿಕೆಗೆ ತಂದವರಲ್ಲಿ ಅವರು ಮೊದಲಿಗರು. ಕೊಟ್ಟೆಯೇ ಸಾಕು ಎಂದು ಆ ಕಾಲದ ಮುತ್ತಜ್ಜಂದಿರೆಲ್ಲ ಹಟ ಹಿಡಿದಿದ್ದರೆ ಇವತ್ತಿನ ಅಜ್ಜನಿಗೆ ಕಲಿಸಲು ಈ ಪಾಠವೇ ಇರುತ್ತಿರಲಿಲ್ಲ.

ಹೊಸತನ್ನು ಕಲಿಯುವ ಸರದಿ ಈಗಲೂ ಇದೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದು ಕಷ್ಟ. ಮೊಮ್ಮಕ್ಕಳು ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಾರೆ. ಎಲೆಚುಕ್ಕಿ ರೋಗಕ್ಕಂತೂ ಅಜ್ಜನ ಬಳಿಯೂ ಸಿದ್ಧ ಉತ್ತರವಿಲ್ಲ. ಅದರ ಎದುರು ಇಬ್ಬರೂ ಕಲಿಯುವವರೇ.

ಒಟ್ಟು ಕುಟುಂಬವನ್ನು ಹೊಗಳುವವರು ಅಡುಗೆಮನೆಯನ್ನೂ ನೋಡಬೇಕು. ಅಪ್ಪೆಮಿಡಿ ಉಪ್ಪಿಗೆ ಹಾಕುವ ಹದ, ಕಾಲಕ್ಕೆ ತಕ್ಕ ಸೊಪ್ಪಿನ ತಂಬುಳಿ ಅತ್ತೆಯಿಂದ ಸೊಸೆಗೆ ಬಂತು ನಿಜ. ಬಾಯಿ ಮುಚ್ಚಿಕೊಂಡಿರುವ ಪಾಠವೂ ಅದೇ ಒಲೆಯ ಬುಡದಲ್ಲಿ ಬಂತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದೆ. ಆದರೂ ತೋಟದ ವಿಚಾರ ಬಂದಾಗ ಅವರನ್ನು ಕರೆದು ಕೂರಿಸಿ ಕೇಳುವ ಮನೆಗಳು ಇನ್ನೂ ಕಡಿಮೆ. ಹೀಗೆ ಕೇಳುವುದನ್ನು ಹಿರಿಯರು ಕಿರಿಯರಿಂದಲೇ ಕಲಿಯಬೇಕು.

ಮಕ್ಕಳು ಬೆಂಗಳೂರು ಸೇರಿ ಊರು ಮರೆತರೆಂದು ನೊಂದುಕೊಳ್ಳುವ ಹಿರಿಯರಲ್ಲಿ ಒಂದು ವಿನಂತಿ. ನಲವತ್ತು ದಾಟಿದ ಮಗನಿಗೆ ಅಡಿಕೆ ಯಾವಾಗ ಮಾರಬೇಕೆಂದು ನಿರ್ಧರಿಸುವ ಅಧಿಕಾರ ಇನ್ನೂ ಕೊಟ್ಟಿಲ್ಲವಾದರೆ ಈ ವರ್ಷವೇ ಕೊಡಿ. ಸೊಸೆಯನ್ನೂ ಮಗಳನ್ನೂ ಲೆಕ್ಕದ ಪುಸ್ತಕದ ಮುಂದೆ ಕೂರಿಸಿಕೊಳ್ಳಿ. ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದಿರುವ ಕಿರಿಯರೇ, ಕೊಳೆಮದ್ದು ಕೂಡಿಸುವ ದಿನ ರಜೆ ಹಾಕಿ ಅಜ್ಜನ ಪಕ್ಕ ನಿಲ್ಲಿ.