ನೋಡದೆ ಪಾಠ ಮಾಡುವುದೆಂತು?

ಬಿ.ಎಡ್. ಓದುವವರು ಒಟ್ಟು 20 ವಾರ ಶಾಲೆಯಲ್ಲಿ ಕಳೆಯಬೇಕೆಂದು 2014ರ ಎನ್.ಸಿ.ಟಿ.ಇ. ನಿಯಮ ಹೇಳಿತು. ಮೊದಲ ವರ್ಷ 4, ಎರಡನೇ ವರ್ಷ 16. ಅದರಲ್ಲಿ ಆರಂಭದ ಒಂದು ವಾರ, ಖಾಯಂ ಮೇಷ್ಟರ ಪಾಠವನ್ನು ಕೂತು ನೋಡುವುದಕ್ಕೇ ಮೀಸಲು.

ಎಷ್ಟೋ ಕಡೆ ನಡೆಯುವುದೇ ಬೇರೆ. ಮೇಷ್ಟರು ರಜೆ ಹಾಕಿದ ಕ್ಲಾಸಿಗೆ ಇವರನ್ನು ನೂಕುವುದು, ಕೊನೆಗೆ ವೀಕ್ಷಣೆ ಪುಸ್ತಕಕ್ಕೆ ಒಂದೇ ಏಟಿಗೆ ರುಜು! ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯಬೇಕು, ಹಿಂದಿನ ಬೆಂಚಿನ ಬಾಯಿಬಿಡದ ಮಗುವನ್ನು ಮಾತಾಡಿಸೋದು ಹೇಗೆ ಎಂಬುದೆಲ್ಲ ನೋಡಿಯೇ ಕಲೀಬೇಕಾದ್ದು. ಅಂಗಡಿಗೆ ಬಂದ ಹೊಸ ಹುಡುಗನನ್ನು ಮೊದಲ ದಿನವೇ ಗಲ್ಲಾದಲ್ಲಿ ಯಾರಾದರೂ ಕೂರಿಸ್ತಾರೆಯೇ?

ಹೆಡ್‌ಮಾಸ್ತರರು ಆ ಒಂದು ವಾರ ಬಿಟ್ಟುಕೊಡಲಿ. ಪಾಠ ಮುಗಿದ ಮೇಲೆ ಮೇಷ್ಟರು ಹತ್ತು ನಿಮಿಷ ಇವರೊಡನೆ ಮಾತಾಡಲಿ. ನಾಳೆ ಇವರ ಕೈಗೆ ಬೀಳೋದು ಊರಿನ ಮಕ್ಕಳೇ.