ಹಂಚು ಮಾಡಿದವರ ಗೋರಿಗೂ ಒಂದು ಲೆಕ್ಕ ಬೇಕು

1834ರಲ್ಲಿ ಮಂಗಳೂರಿಗೆ ಬಂದಿಳಿದ ಮೊದಲ ಮೂವರಿಂದ ಹಿಡಿದು, ಬಾಸೆಲ್ ಮಿಶನ್ ನಮ್ಮ ಕರಾವಳಿಗೆ ಕಳಿಸಿದ ಮಿಶನರಿಗಳ ಹೆಸರುಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆಗಳಲ್ಲಿ ಕ್ರಮಸಂಖ್ಯೆ ಸಮೇತ ಇವೆ. ಅವರ ಪತ್ರಗಳನ್ನೂ ಫೋಟೋಗಳನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಕಿಟ್ಟೆಲರು 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡದ್ದು ಕನ್ನಡ ಓದಿದವರಿಗೆಲ್ಲ ಗೊತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಪ್ಲೆಬ್ಸ್ಟ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದೇ ಕಾರ್ಖಾನೆಯಲ್ಲಿ ಮಣ್ಣು ತುಳಿದು, ಹಂಚು ಒಣಗಿಸಿ, ಗೂಡಿಗೆ ಬೆಂಕಿ ಹಾಕಿದ ನನ್ನ ಮುತ್ತಜ್ಜನ ಬಗ್ಗೆ ತಿಳಿಯಬೇಕಾದರೆ ಕತ್ತಿ ಹಿಡಿದು ಸ್ಮಶಾನಕ್ಕೇ ಹೋಗಬೇಕು.

ನಿವೃತ್ತಿಯಾದ ಮೇಲೆ ನಾನು ಮಾಡುತ್ತಿರುವ ಕೆಲಸ ಅದೇ. ನಮ್ಮದು ಬಿಲ್ಲವ ಮೂಲದ ಪ್ರೊಟೆಸ್ಟೆಂಟ್ ಕುಟುಂಬ. ಮುತ್ತಜ್ಜ ಜೆಪ್ಪುವಿನಿಂದ ಮಲ್ಪೆಗೆ ಬಂದವರು. 1886ರಲ್ಲಿ ಮಿಶನ್ ಅಲ್ಲೊಂದು ಹಂಚಿನ ಕಾರ್ಖಾನೆ ತೆರೆದಿತ್ತು. ಅಜ್ಜ ಶಾಲೆಯ ಉಪದೇಶಿಯಾಗಿ ಮುಲ್ಕಿ ಕಡೆ ಹೋದರು, ದೊಡ್ಡಜ್ಜ ಇನ್ನೆಲ್ಲಿಗೋ. ಹೀಗೆ ಒಂದೇ ಮನೆಯವರು ಕರಾವಳಿಯುದ್ದಕ್ಕೂ ಬೇರೆಬೇರೆ ಸಭೆಗಳ ಸ್ಮಶಾನಗಳಲ್ಲಿ ಮಲಗಿದ್ದಾರೆ. ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳು ಸಭೆಗಳಲ್ಲಿ ಇವೆ, ನಿಜ. ಆದರೆ ಅಲ್ಲಿ ಒಬ್ಬ ಮನುಷ್ಯನಿಗೆ ಸಿಗುವುದು ಒಂದೇ ಸಾಲು, ಅದನ್ನೂ ಎಷ್ಟೋ ಕಡೆ ಗೆದ್ದಲು ತಿಂದಿದೆ.

ನನ್ನ ಮುತ್ತಜ್ಜಿಯ ವಿಷಯ ಹೇಳುತ್ತೇನೆ. ಪುಸ್ತಕದಲ್ಲಿ ಅವಳ ಬಗ್ಗೆ ಇರುವುದು ಇಷ್ಟು: ದೀಕ್ಷೆಯ ಹೆಸರು, ‘ವಿಧವೆ’, ವಯಸ್ಸು, ‘ಜ್ವರ’. ದೀಕ್ಷೆಗೆ ಮೊದಲು ಅವಳು ಯಾರು, ಯಾರ ಮನೆಯ ಮಗಳು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಗೋರಿಯೆಂದರೆ ಮುರಕಲ್ಲಿನ ಒಂದು ಗಿಡ್ಡ ಕಟ್ಟೆ, ತಲೆಯ ಕಡೆ ಒಂದು ಕರಿಕಲ್ಲಿನ ಹಲಗೆ. ವರ್ಷವರ್ಷ ಈಸ್ಟರಿಗೆ ಬಳಿದ ಸುಣ್ಣ ಅಕ್ಷರಗಳ ಗುಂಡಿಯೊಳಗೆ ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಹಾವಸೆ. ನೀರು ಹಾಕಿ, ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ, ಬಿದಿರಿನ ಕಡ್ಡಿಯಿಂದ ಒಂದೊಂದೇ ಅಕ್ಷರ ಬಿಡಿಸಿದೆ. ಬೆಳಿಗ್ಗೆಯ ಓರೆ ಬಿಸಿಲು ಬಿದ್ದಾಗ ಹೆಸರಿನ ಕೆಳಗೆ ಇನ್ನೊಂದು ಪದ ಎದ್ದಿತು: ಶಿರ್ವ. ಯಾವ ಪುಸ್ತಕದಲ್ಲೂ ಇಲ್ಲದ ಊರು. ಶಿರ್ವದಲ್ಲಿ ಮನೆಯಿಂದ ಮನೆಗೆ ಕೇಳುತ್ತಾ ಹೋದೆ. ಒಬ್ಬ ಹಿರಿಯರು, ಮಿಶನಿಗೆ ಸೇರಿ ಮನೆ ಬಿಟ್ಟುಹೋದ ಹುಡುಗಿಯೊಬ್ಬಳ ಕತೆಯನ್ನು ತಮ್ಮ ಅಜ್ಜಿ ಹೇಳುತ್ತಿದ್ದರು ಎಂದರು. ಕಾಲ, ಗಂಡನ ಕೆಲಸ, ಎಲ್ಲವೂ ತಾಳೆಯಾಯಿತು. ಮುತ್ತಜ್ಜಿಯ ಬಳಿ, ಅಂದರೆ ಕುಲ, ಯಾವುದೆಂದು ನನಗೆ ಗೊತ್ತಾದದ್ದು ಅವರಿಂದ. ಆ ವರ್ಷ ಅವರ ಮನೆಯ ದೈವದ ಕೋಲಕ್ಕೆ ನಮ್ಮನ್ನೂ ಕರೆದರು. ನಾವು ಹೋದೆವು.

ಒಂದು ಕಲ್ಲು ಇದ್ದುದರಿಂದ ಎರಡು ಮನೆಗಳು ಮತ್ತೆ ಗುರುತು ಹಿಡಿದವು. ದೊಡ್ಡಜ್ಜನ ಗೋರಿ ಹುಡುಕಿಕೊಂಡು ಹೋದ ಕಡೆ ಹೀಗಾಗಲಿಲ್ಲ. ಹೊಂಡ ತೋಡುವ ಅಣ್ಣ ಬಹಳ ಬೇಸರದಿಂದ ಹೇಳಿದರು: “ಟೀಚರ್, ಆ ಸಾಲಿನ ಕಲ್ಲು ಎಲ್ಲಾ ತೆಗೆದಾಯ್ತು. ಜಾಗ ಇಲ್ಲ ಅಲ್ವಾ? ಕೆಲವು ಕಲ್ಲು ಕಂಪೌಂಡಿಗೆ ಹಾಕಿದ್ದಾರೆ, ಬಾಕಿದ್ದು ಎಲ್ಲಿ ಹೋಯ್ತೋ ದೇವರಿಗೇ ಗೊತ್ತು.” ತೆಗೆಯುವ ಮೊದಲು ಯಾರಾದರೂ ಹೆಸರು ಬರೆದುಕೊಂಡರೋ ಎಂದು ಸಭೆಯಲ್ಲಿ ಕೇಳಿದೆ. ಇಲ್ಲ. ಗೋಡೆಯಲ್ಲಿ ಕಾಣುವ ಕಲ್ಲುಗಳನ್ನೆಲ್ಲ ಬಗ್ಗಿ ಓದಿದೆ. ದೊಡ್ಡಜ್ಜ ಅಲ್ಲಿರಲಿಲ್ಲ.

ಜಾಗದ ಕಷ್ಟ ನನಗೆ ಅರ್ಥವಾಗುತ್ತದೆ. ಪೇಟೆಯ ನಡುವೆ ಸಿಕ್ಕಿಕೊಂಡ ಸ್ಮಶಾನಕ್ಕೆ ಒಂದು ಸೆಂಟ್ಸ್ ಸೇರಿಸುವುದೂ ಇವತ್ತು ಆಗದ ಮಾತು. ಹಳೆಯ ಹೊಂಡವನ್ನೇ ಮತ್ತೆ ತೆಗೆಯದೆ ಬೇರೆ ದಾರಿಯಿಲ್ಲ, ಅದನ್ನು ಬೇಡವೆನ್ನುವ ಹಕ್ಕೂ ನನಗಿಲ್ಲ. ನನ್ನನ್ನೂ ನಾಳೆ ಯಾರದೋ ಹೊಂಡದಲ್ಲೇ ಇಡುತ್ತಾರೆ. ನಾನು ಕೇಳುವುದು, ಕಲ್ಲು ಕೀಳುವ ಮೊದಲು ಒಂದು ಫೋಟೋ, ಪುಸ್ತಕದಲ್ಲಿ ಒಂದು ನಕಲು. ಒಂದು ಕಲ್ಲಿಗೆ ಐದು ನಿಮಿಷ ಸಾಕು.

ಬ್ರಿಟಿಷರು ತಮ್ಮವರಿಗೆ ಇದನ್ನು ಮಾಡಿಕೊಂಡರು. ಜೆ. ಜೆ. ಕಾಟನ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತದ ಗೋರಿಬರಹಗಳನ್ನು ಸಂಗ್ರಹಿಸಿ 1905ರಲ್ಲೇ ಪುಸ್ತಕ ತಂದರು. ನಮ್ಮ ಜಿಲ್ಲೆ ಆಗ ಆ ಪ್ರಾಂತದಲ್ಲೇ ಇತ್ತು. ದಕ್ಷಿಣ ಏಷ್ಯಾದಲ್ಲಿರುವ ಐರೋಪ್ಯರ ಸ್ಮಶಾನಗಳನ್ನು ನೋಡಿಕೊಳ್ಳಲೆಂದೇ 1976ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಂಘ ಹುಟ್ಟಿತು. ಅವರ ಮೊಮ್ಮಕ್ಕಳು ಸಾವಿರಾರು ಮೈಲಿ ದಾಟಿ ಬಂದು ಗೋರಿಯ ಮುಂದೆ ನಿಲ್ಲುವುದು ಈ ಕೆಲಸದ ಬಲದಿಂದ. ಅವರದನ್ನು ಅಳಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಮುತ್ತಜ್ಜ ಮಾಡಿದಂಥ ಹಂಚು ಇವತ್ತಿಗೂ ಎಷ್ಟೋ ಹಳೆಯ ಮನೆಗಳ ಮಾಡಿನಲ್ಲಿದೆ, ತಿರುಗಿಸಿದರೆ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಎದ್ದು ಕಾಣುತ್ತದೆ. ಸಭೆಯ ಪುಸ್ತಕದ ಆ ಒಂದು ಸಾಲು ಬಿಟ್ಟರೆ, ಅದನ್ನು ಮಾಡಿದವನ ಹೆಸರಿದ್ದದ್ದು ಅವನ ಗೋರಿಯ ಮೇಲೆ ಮಾತ್ರ. ಅದನ್ನೂ ನಾವೇ ಕಿತ್ತು ಹಾಕಿದರೆ ದೂರುವುದು ಯಾರನ್ನು?

ಇದು ಕ್ರೈಸ್ತರ ಮನೆಯ ಮಾತು ಮಾತ್ರವಲ್ಲ. ಲಿಂಗಾಯತರ ಹೊಲಗಳ ಬದುವಿನಲ್ಲಿ ಹಿರಿಯರ ಗದ್ದುಗೆಗಳಿವೆ, ಹೊಲ ಮಾರಿದಾಗ ಅವೂ ಕೈಬಿಡುತ್ತವೆ. ಖಬರಸ್ತಾನಗಳಲ್ಲೂ ಜಾಗದ ಇಕ್ಕಟ್ಟು ಇದೆ. ಉತ್ತರ ಕರ್ನಾಟಕದಲ್ಲಿ ಹೆಳವರು ಮನೆಮನೆಗೆ ಬಂದು ತಲೆಮಾರುಗಳ ಹೆಸರನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುತ್ತಾರೆ. ಹೆಣವನ್ನು ಸುಡುವ ಮನೆಗಳಿಗೂ ಅವರ ಪುಸ್ತಕದಲ್ಲಿ ಜಾಗವಿದೆ. ಮತ ಬದಲಿಸಿದ ನಮ್ಮಂಥವರನ್ನು ಅಂಥ ಲೆಕ್ಕ ಕೈಬಿಟ್ಟಿತು. ನಮಗೆ ಇರುವುದು ಕಲ್ಲುಗಳೇ.

ಹುಡುಕಲು ಹೊರಟವರಿಗೆ ಒಂದೆರಡು ಮಾತು. ತಂತಿಯ ಬ್ರಷ್ಷು, ಆ್ಯಸಿಡ್, ಬ್ಲೀಚಿಂಗ್ ಪೌಡರ್ ಯಾವುದನ್ನೂ ಕಲ್ಲಿಗೆ ಮುಟ್ಟಿಸಬೇಡಿ, ಅರ್ಧ ಉಳಿದ ಅಕ್ಷರವೂ ಹೋಗುತ್ತದೆ. ಬಿಸಿಲು ಸರಿಯಿಲ್ಲದಿದ್ದರೆ ಪಕ್ಕದಿಂದ ಟಾರ್ಚು ಹಿಡಿಯಿರಿ, ಸಾಕು. ನಿಮ್ಮವರ ಕಲ್ಲು ಒಂದನ್ನೇ ಓದಿ ಬರಬೇಡಿ, ಅಕ್ಕಪಕ್ಕದ್ದನ್ನೂ ಓದಿ. ಮುತ್ತಜ್ಜಿಯ ಬಲಕ್ಕೆ ಮೂರು ಸಣ್ಣ ದಿಬ್ಬಗಳಿದ್ದವು, ಒಂದರ ಮೇಲೆ ಮಾತ್ರ ಅಂಗೈಯಗಲದ ಕಲ್ಲು, ಅದರಲ್ಲಿ ಹೆಸರಿಲ್ಲದೆ ‘ಶಿಶು’ ಎಂಬ ಒಂದೇ ಪದ ಮತ್ತು ಒಂದು ಇಸವಿ. ಅಜ್ಜನಿಗಿಂತ ಮೊದಲು ಹುಟ್ಟಿ ಹೋದ ಮಗು ಅದು ಎಂದು ದೀಕ್ಷಾಸ್ನಾನದ ಪುಸ್ತಕದೊಂದಿಗೆ ಹೊಂದಿಸಿದಾಗ ತಿಳಿಯಿತು. ಉಳಿದೆರಡು ದಿಬ್ಬ ಯಾರದೆಂದು ಹೇಳಲು ಕಲ್ಲೇ ಇರಲಿಲ್ಲ.

ಸಭೆಗಳ ಹಿರಿಯರಲ್ಲಿ ನನ್ನ ಬೇಡಿಕೆ ಇದು: ಫೋಟೋ ತೆಗೆದು ನಕಲು ಬರೆಯದೆ ಯಾವ ಗೋರಿಯ ಕಲ್ಲನ್ನೂ ಎತ್ತಬಾರದೆಂದು ಮುಂದಿನ ಮಹಾಸಭೆಯಲ್ಲಿ ಠರಾವು ಮಾಡಿ. ಕೆಲಸವನ್ನು ಯುವಕರ ಸಂಘಕ್ಕೂ ಸ್ತ್ರೀಯರ ಸಂಘಕ್ಕೂ ಒಪ್ಪಿಸಿ. ಒಂದು ಪ್ರತಿ ಸಭೆಯಲ್ಲಿರಲಿ, ಇನ್ನೊಂದನ್ನು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೆ ಕೊಡಿ. ಮಿಶನಿನ ಹಳೆಯ ಕಾಗದಪತ್ರಗಳು ಅಲ್ಲಿವೆ, ಅವುಗಳ ಪಕ್ಕದಲ್ಲೇ ನಮ್ಮವರ ಹೆಸರುಗಳೂ ಇರಬೇಕು. ಮಳೆಗಾಲ ಹಿಡಿದರೆ ಕರಾವಳಿಯ ಸ್ಮಶಾನಗಳಲ್ಲಿ ಹುಲ್ಲು ಸೊಂಟದವರೆಗೆ ಬೆಳೆಯುತ್ತದೆ, ಹಾಗಾಗಿ ಕೆಲಸ ಮೇ ತಿಂಗಳೊಳಗೆ ಆಗಲಿ.