ಮೂತ್ರದಲ್ಲಿ ರಕ್ತ: ಒಂದು ಅಪೂರ್ವ ಕಾರಣ

ಮೂತ್ರದಲ್ಲಿ ರಕ್ತವು ಕಂಡಾಗ ನಮ್ಮ ಮಾವಳ್ಳಿಯ ಹಿರಿಯರಲ್ಲಿ ಅನೇಕರು ‘ಉಷ್ಣವಾಗಿದೆ’ ಎಂದು ಎಳನೀರು, ಬಾರ್ಲಿ ನೀರುಗಳನ್ನು ಕುಡಿದು, ಲಜ್ಜೆಯಿಂದ ಮನೆಯವರಿಗೂ ತಿಳಿಸದೆ ಸುಮ್ಮನಿರುವರು. ರಕ್ತವು ತಾನಾಗಿ ನಿಂತರೂ ಅದರ ಮೂಲವು ಹೋಯಿತೆಂದು ಭಾವಿಸತಕ್ಕದ್ದಲ್ಲ. ಕಲ್ಲು, ಸೋಂಕು, ಗ್ರಂಥಿವೃದ್ಧಿ, ಅರ್ಬುದ ಇವು ಹೆಚ್ಚಾಗಿ ಕಾಣುವ ಕಾರಣಗಳು. ಅತಿ ವಿರಳವಾದ ಮತ್ತೊಂದುಂಟು.

ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡು ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ಮೂತ್ರಕೋಶಕ್ಕೂ ಗುದಕ್ಕೂ ನಡುವೆ ಗಡ್ಡೆಯೆದ್ದು ಮೂತ್ರವನ್ನು ತಡೆಯುವ ‘ವಾತಾಷ್ಠೀಲಾ’ ಎಂಬ ರೋಗವನ್ನು ಸುಶ್ರುತಸಂಹಿತೆಯ ಉತ್ತರತಂತ್ರವು ವರ್ಣಿಸಿದೆ. ಈಗ ಹೇಳುವ ವಿಕಾರವು ಆ ಗ್ರಂಥಿಯ ರಕ್ತನಾಳಗಳಿಗೆ ಸಂಬಂಧಿಸಿದ್ದು. ಧಮನಿಯ ರಕ್ತವು ಅತಿಸೂಕ್ಷ್ಮ ನಾಳಗಳಲ್ಲಿ ಹರಿದು, ವೇಗವನ್ನು ಕಳೆದುಕೊಂಡು ಸಿರೆಯನ್ನು ಸೇರುವುದು ದೇಹಧರ್ಮ. ಇಲ್ಲಿ ಧಮನಿಯು ನೇರವಾಗಿ ಸಿರೆಯನ್ನು ಕೂಡಿ, ನಾಳಗಳು ಗೋಜಲಾಗಿ ಗೂಡು ಕಟ್ಟುತ್ತವೆ. ತೂಬಿನ ತಡೆಯಿಲ್ಲದೆ ಕೆರೆಯ ನೀರು ಕಾಲುವೆಗೆ ನುಗ್ಗಿದಂತೆ, ತೆಳುವಾದ ಸಿರೆಯು ಉಬ್ಬಿ ಒಡೆಯಬಹುದು. ಕೆಲವರಿಗೆ ಇದು ಹುಟ್ಟಿನಿಂದ ಬಂದದ್ದು. ಕೆಲವರಿಗೆ ಪೆಟ್ಟು ಅಥವಾ ಶಸ್ತ್ರಚಿಕಿತ್ಸೆಯ ತರುವಾಯ ಉಂಟಾದದ್ದು.

ಲಕ್ಷಣಗಳಾದರೋ ಸಾಮಾನ್ಯ ಗ್ರಂಥಿವೃದ್ಧಿಯವೇ: ಮೂತ್ರದ ತಡೆ, ಪದೇಪದೇ ಹೋಗಬೇಕೆನಿಸುವುದು, ಮೂತ್ರದಲ್ಲಾಗಲಿ ವೀರ್ಯದಲ್ಲಾಗಲಿ ರಕ್ತ. ಅಪಾಯವು ಈ ಹೋಲಿಕೆಯಲ್ಲಿಯೇ ಇದೆ. ವೃದ್ಧಿಯೆಂದೇ ತಿಳಿದು ಸೂಜಿಯಿಂದ ತುಣುಕು ತೆಗೆದರೆ, ಅಥವಾ ಗ್ರಂಥಿಯನ್ನು ಕೆರೆದರೆ, ಘೋರ ರಕ್ತಸ್ರಾವವಾಗಬಹುದು. ಡಾಪ್ಲರ್ ಎಂಬ ಶಬ್ದತರಂಗಪರೀಕ್ಷೆಯು ರಕ್ತದ ಅತಿವೇಗವನ್ನು ತೋರಿಸುತ್ತದೆ. ಬಣ್ಣದ್ರವವನ್ನು ರಕ್ತಕ್ಕೆ ಸೇರಿಸಿ ತೆಗೆಯುವ ಸಿ.ಟಿ. ಮತ್ತು ಆಂಜಿಯೋಗ್ರಾಂ ಚಿತ್ರಗಳು ಗೂಡಿನ ಸ್ಥಾನವನ್ನೂ ಅದನ್ನು ಪೋಷಿಸುವ ಧಮನಿಗಳನ್ನೂ ತಿಳಿಸುತ್ತವೆ.

ಚಿಕಿತ್ಸೆಯು ಪ್ರಾಯಶಃ ಶಸ್ತ್ರದಿಂದಲ್ಲ. ತೊಡೆಸಂದಿನ ಅಥವಾ ಮಣಿಕಟ್ಟಿನ ಧಮನಿಯಿಂದ ಸಣ್ಣ ಕೊಳವೆಯನ್ನು ಆ ಗೂಡಿನವರೆಗೂ ನಡೆಸಿ, ಅಂಟಿನಂತಹ ದ್ರವ್ಯದಿಂದ ಅದನ್ನು ಮುಚ್ಚುತ್ತಾರೆ. ದೊಡ್ಡ ಧಮನಿಯನ್ನು ಮಾತ್ರ ಕಟ್ಟಿದರೆ ಸಾಲದು. ಬೇರು ಉಳಿದ ಗರಿಕೆಯಂತೆ, ಹೊಸ ಕವಲುಗಳು ಗೂಡನ್ನು ಪೋಷಿಸತೊಡಗುವುವು. ನೆರೆಯ ಮೂತ್ರಕೋಶ ಗುದಗಳ ರಕ್ತಕ್ಕೆ ತಡೆಯಾಗದಂತೆ ನೋಡಬೇಕಾದುದರಿಂದ ಇದು ನುರಿತವರ ಕೆಲಸ. ಕೆಲವೊಮ್ಮೆ ಎರಡನೆಯ ಸಲವೂ ಮಾಡಬೇಕಾಗುವುದು; ಆಮೇಲೆಯೂ ತಪಾಸಣೆ ತಪ್ಪಿಸಬಾರದು.

1900ರಲ್ಲಿ ಆರಂಭವಾದ ನಮ್ಮ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿಯೇ ಮೂತ್ರಾಂಗರೋಗಗಳಿಗೆ ಮೀಸಲಾದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ರಕ್ತವು ಒಂದೇ ಸಲ ಕಂಡರೂ ವೈದ್ಯರಲ್ಲಿಗೆ ಹೋಗಿರಿ. ಹಿಂದಿನ ಪೆಟ್ಟು, ಶಸ್ತ್ರಚಿಕಿತ್ಸೆ, ರಕ್ತ ತೆಳುವಾಗಿಸುವ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿರಿ. ರಕ್ತವು ಹೆಪ್ಪುಗಟ್ಟಿ ಮೂತ್ರ ನಿಂತರೆ ಆ ಗಳಿಗೆಯಲ್ಲಿಯೇ ಹೊರಡಿರಿ. ಮನೆಯವರು ತಾವಾಗಿ ವಿಚಾರಿಸಿದರೆ ಹಿರಿಯರ ಸಂಕೋಚವು ಅರ್ಧ ಕಳೆಯುವುದು.